ವೈನ್ ದ್ರಾಕ್ಷಿ ಬ್ಯಾರೆ

ಹುಬ್ಬಳ್ಳಿ ಜನತಾ ಬಜಾರ್‌ದಾಗ ವಿಜಯಪುರದ ದ್ರಾಕ್ಷಿ ಬಂದೈತಿ. ಇದು ತಿನ್ನೂ ಹಣ್ಣು. ವೈನ್ ದ್ರಾಕ್ಷಿ ಕಾಳು ಸಣ್ಣದು, ಸಿಪ್ಪಿ ದಪ್ಪ, ಒಳಗ ಬೀಜ. ಕೆಂಪು ವೈನಿನ ಬಣ್ಣ ಆ ಸಿಪ್ಪಿಯಿಂದಾನ ಬರೂದು, ಒಗರು ಸಿಪ್ಪಿ-ಬೀಜ ಎರಡರಿಂದಾನೂ.

ನಂದಿ ಬೆಟ್ಟದ ಕಡೆ ಗ್ರೋವರ್ ವೈನ್ ಕಂಪನಿಯವರು ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಫ್ರೆಂಚ್ ತಳಿ ಬೆಳಸಾಕತ್ತಾರ. ಫ್ರಾನ್ಸ್‌ದಾಗ ಚಳಿಗಾಲಕ್ಕ ಬಳ್ಳಿ ಮಲಗತೈತಿ, ನಮ್ಮಲ್ಲಿ ಮಲಗೂದಿಲ್ಲ. ಅದಕ್ಕ ವರ್ಷಕ್ಕ ಎರಡು ಚಾಟ್ನಿ (ಬಳ್ಳಿ ಕತ್ತರಿಸೂದು): ಬ್ಯಾಸಗಿಯೊಳಗ ಒಂದು, ಮಳಿ ಸರಿದ ಮ್ಯಾಲ ಇನ್ನೊಂದು. ಹಣ್ಣು ಎರಡನೇದ್ದಕ್ಕ. ಅರ್ಧ ರುಚಿ ಈ ಕತ್ತರಿಯೊಳಗಾನ ಐತಿ ಅಂತ ನನಗನಸತೈತಿ.

22 ಬ್ರಿಕ್ಸ್ (ರಸದಾಗಿನ ಸಕ್ಕರಿ ಅಳಿಯೂ ಮಾಪು) ಸಕ್ಕರಿ ಇದ್ದ ರಸ ಪೂರ್ತಿ ಹುದುಗಿದ್ರ ಸುಮಾರು 12% ಆಲ್ಕೋಹಾಲ್. ಕೊಯ್ಲು ತಡ ಆದ್ರ ಸಕ್ಕರಿ ಏರತೈತಿ, ಹುಳಿ ಇಳಿತೈತಿ, ವೈನ್ ಸಪ್ಪಗಾಗಿ ಲಗೂನ ಕೆಡತೈತಿ.

ಕೆಂಪು ವೈನ್ ಸಿಪ್ಪಿ ಸಮೇತ 25–28 ಡಿಗ್ರಿಯೊಳಗ ಹುದುಗತೈತಿ. ಏಳೋ ಗ್ಯಾಸಿಗೆ ಸಿಪ್ಪಿ ಎಲ್ಲಾ ಮ್ಯಾಲ ಬಂದು ದಪ್ಪನ ಪದರ ಕಟ್ಟತೈತಿ. ದಿನಕ್ಕ ಎರಡು-ಮೂರು ಸರ್ತಿ ಅದನ್ನ ರಸದೊಳಗ ಒತ್ತಲೇಬೇಕ. ಬಿಟ್ರ ಒಣಗಿ, ವಿನೆಗರ್ ಬ್ಯಾಕ್ಟೀರಿಯಾ ಹತ್ತಿ, ಇಡೀ ಟ್ಯಾಂಕ್ ಹಾಳು. ಶಾಖ 35 ದಾಟಿದ್ರ ಯೀಸ್ಟ್ ಸೋತು ಹುದುಗೂದು ನಡುವ ನಿಲ್ಲತೈತಿ. ಆ ಉಳಿದ ಸಕ್ಕರಿ ಮತ್ತ ಹುದುಗಿಸೂದು ಭಾಳ ಕಷ್ಟ.