ಶೆಲ್ ಬಿದ್ದರೆ ಎಬ್ಬಿಸುವವರು ಯಾರು?

ದೋಷಗಳ ಪಟ್ಟಿಯಲ್ಲಿ ‘ಡಿನೈಯಲ್ ಆಫ್ ಸರ್ವಿಸ್’ (ಸೇವೆ ನಿಂತುಹೋಗುವುದು) ಎಂದಿದ್ದರೆ ನಮ್ಮ ಉದ್ಯೋಗದಲ್ಲಿ ಅದಕ್ಕೆ ಕೊನೆಯ ಪಂಕ್ತಿ. ಮಾಹಿತಿ ಸೋರಿಲ್ಲ, ಯಾರೂ ಒಳಗೆ ನುಗ್ಗಿಲ್ಲ, ಬಿದ್ದ ಸಾಧನ ಮತ್ತೆ ಎದ್ದರಾಯಿತು ಎಂಬ ವಾದ. ಸರ್ವರ್ ಕೋಣೆಯ ಪಕ್ಕದಲ್ಲೇ ಕೂರುವವರಿಗೆ ಅದು ಒಪ್ಪಬಹುದು. ನಾವು ಫರ್ಮ್‌ವೇರ್ (ಸಾಧನದೊಳಗೇ ಇರುವ ತಂತ್ರಾಂಶ) ಬರೆಯುವುದು ಊರಾಚೆಯ ಪಂಪ್‌ಹೌಸ್‌ನಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗಿದ್ದು ಮೀಟರ್‌ಗಳನ್ನು ಜಾಲಕ್ಕೆ ಸೇರಿಸುವ ಗೇಟ್‌ವೇಗಳಿಗೆ. ಅಲ್ಲಿ ಮೊದಲು ಹುಡುಕಬೇಕಾದದ್ದು ಕೀಲಿಕೈ ಇಟ್ಟುಕೊಂಡವನನ್ನು.

ಇಂಥ ಲಿನಕ್ಸ್ ಸಾಧನಗಳಲ್ಲಿ ಬಹುಪಾಲು ಬ್ಯುಸಿಬಾಕ್ಸ್ (ಹಲವು ಸಣ್ಣ ಲಿನಕ್ಸ್ ಸಲಕರಣೆಗಳನ್ನು ಒಂದೇ ಪ್ರೋಗ್ರಾಂನಲ್ಲಿ ಕಟ್ಟಿದ ಗಂಟು) ಇರುತ್ತದೆ. 2021ರ ನವೆಂಬರ್‌ನಲ್ಲಿ ಕ್ಲಾರೋಟಿ ಮತ್ತು ಜೆಫ್ರಾಗ್ ಸಂಸ್ಥೆಗಳ ಸಂಶೋಧಕರು ಅದರ 14 ದೋಷಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಒಂಬತ್ತು ಪಠ್ಯ ಸಂಸ್ಕರಿಸುವ ಆಕ್‌ಗೆ ಸೇರಿದವು. ನನ್ನ ಗಮನ ಹೋದದ್ದು ಶೆಲ್‌ಗಳ, ಅಂದರೆ ಆದೇಶದ ಸಾಲನ್ನು ಓದಿ ನಡೆಸುವ ಪ್ರೋಗ್ರಾಂಗಳ, ಮೂರು ದೋಷಗಳ ಕಡೆಗೆ: ಆಶ್ ಎಂಬ ಶೆಲ್‌ನಲ್ಲಿ ಒಂದು, ಹಶ್ ಎಂಬುದರಲ್ಲಿ ಎರಡು.

ಹಶ್‌ನ ಒಂದು ದೋಷ ನೋಡಲು ಸೊಗಸಾಗಿದೆ. ಓದಿಕೊಂಡ ಸಾಲಿನಲ್ಲಿ ವೇರಿಯಬಲ್ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಲು ಹಶ್ ತನ್ನೊಳಗೆ 3 ಎಂಬ ಬೆಲೆಯ ಬೈಟನ್ನು ಬಳಸುತ್ತದೆ. ಹೊರಗಿನಿಂದ ಬಂದ ಪಠ್ಯದಲ್ಲೇ ಆ ಬೈಟ್ ಇದ್ದರೆ ಅದನ್ನೂ ತಾನೇ ಹಾಕಿದ ಗುರುತೆಂದು ನಂಬಿ, ಇಲ್ಲದ ಜೋಡಿ ಗುರುತನ್ನು ಹುಡುಕಲು ಹೋಗಿ, ಶೂನ್ಯ ಪಾಯಿಂಟರ್ (ಎಲ್ಲಿಗೂ ಬೊಟ್ಟು ಮಾಡದ ಮೆಮೊರಿ ವಿಳಾಸ) ಮುಟ್ಟಿ ಬೀಳುತ್ತದೆ. ಕೀಬೋರ್ಡಿನಲ್ಲಿ ಆ ಬೈಟ್ ಎಂದರೆ ಕಂಟ್ರೋಲ್-ಸಿ. ಟರ್ಮಿನಲ್‌ನಲ್ಲಿ ಅದನ್ನು ಒತ್ತಿದರೆ ಸಾಮಾನ್ಯವಾಗಿ ಸಿಗ್ನಲ್ ಹೋಗುತ್ತದೆಯೇ ಹೊರತು ಬೈಟ್ ಶೆಲ್‌ಗೆ ತಲುಪುವುದಿಲ್ಲ. ಆದ್ದರಿಂದ ಕೈಯಲ್ಲಿ ಟೈಪ್ ಮಾಡಿ ಪರೀಕ್ಷಿಸುವವರ ಕಣ್ಣಿಗೆ ಇದು ಬೀಳುವ ಸಂಭವ ಕಡಿಮೆ. ಆದರೆ ವೆಬ್ ಫಾರ್ಮ್‌ನಿಂದ ಬಂದರೆ ಅದು ನೇರವಾಗಿ ಶೆಲ್‌ಗೆ ತಲುಪುತ್ತದೆ. ಇನ್ನೊಂದು ದೋಷಕ್ಕೆ ಮೂರು ಆಂಪರ್‌ಸ್ಯಾಂಡ್‌ಗಳನ್ನು ಒಟ್ಟಿಗೆ ಕೊಟ್ಟರೆ ಸಾಕು. ಅದರಲ್ಲಿ ಕೋಡ್ ಓಡಿಸುವ ಸಾಧ್ಯತೆಯೂ ಇದೆ ಎಂದು ಸಂಶೋಧಕರು ಹೇಳಿದ್ದರು.

ಆಶ್‌ನ ದೋಷದ ವಿವರಣೆಯಲ್ಲಿ, ಸೋಸಿದ ಇನ್‌ಪುಟ್ ಶೆಲ್‌ಗೆ ಹೋಗುವ ಅಪರೂಪದ ಸಂದರ್ಭದಲ್ಲಷ್ಟೇ ತೊಂದರೆ ಎಂಬರ್ಥದ ಮಾತಿದೆ. ಅಪರೂಪವೇ! ರೂಟರ್, ಗೇಟ್‌ವೇಗಳಲ್ಲಿ ‘ಪಿಂಗ್ ಪರೀಕ್ಷೆ’ (ಇನ್ನೊಂದು ಯಂತ್ರ ಜಾಲದಲ್ಲಿ ಸಿಗುತ್ತದೆಯೇ ಎಂದು ನೋಡುವುದು) ಎಂಬ ಪುಟ ಎಷ್ಟು ಸಾಮಾನ್ಯ ಎಂದು ಈ ಕೆಲಸದಲ್ಲಿರುವವರಿಗೆ ಗೊತ್ತು. ವಿಳಾಸ ತುಂಬುವ ಒಂದು ಪೆಟ್ಟಿಗೆ, ಹಿಂದೆ ಸೆಮಿಕೋಲನ್ ಮತ್ತು ಪೈಪ್ ಚಿಹ್ನೆ ತೆಗೆದುಹಾಕುವ ನಾಲ್ಕು ಸಾಲಿನ ಕೋಡ್, ಆಮೇಲೆ ಅದನ್ನು ಶೆಲ್‌ಗೆ ಕೊಡುವ ಸಿಸ್ಟಮ್ ಫಂಕ್ಷನ್. ನಮ್ಮ ಗೇಟ್‌ವೇಯಲ್ಲೂ ಇದ್ದದ್ದು ಅದೇ.

ಹಾಗೆಂದು ಶೆಲ್ ಬಿದ್ದಲ್ಲೆಲ್ಲ ಅನಾಹುತವಾಗುವುದಿಲ್ಲ. ಸಿಸ್ಟಮ್ ಫಂಕ್ಷನ್ ಶೆಲ್ಲನ್ನು ಬೇರೆ ಪ್ರೊಸೆಸ್ ಆಗಿ ಓಡಿಸುತ್ತದೆ. ಅದು ಸತ್ತರೆ ವೆಬ್ ಸೇವೆಗೆ ‘ಮಗು (ತಾನು ಹುಟ್ಟಿಸಿದ ಪ್ರೊಸೆಸ್) 11ನೇ ಸಿಗ್ನಲ್‌ನಿಂದ, ಅಂದರೆ ಮೆಮೊರಿ ತಪ್ಪಿನಿಂದ, ಸತ್ತಿತು’ ಎಂಬ ಸುದ್ದಿ ಸಿಗುತ್ತದೆ, ಅಷ್ಟೆ. ಪರೀಕ್ಷಿಸಿದಾಗ ನಮ್ಮ ದೊಡ್ಡ ಮಾದರಿಯಲ್ಲಿ ಆದದ್ದೂ ಇಷ್ಟೇ: ಪುಟ ಖಾಲಿ ಬಂತು, ಉಳಿದದ್ದೆಲ್ಲ ನಡೆಯುತ್ತಿತ್ತು.

ಅಗ್ಗದ ಮಾದರಿಯ ಕಥೆಯೇ ಬೇರೆ. ಅದರ ಚಿಪ್‌ನಲ್ಲಿ ಎಂಎಂಯು ಇಲ್ಲ, ಅಂದರೆ ಒಂದು ಪ್ರೊಸೆಸ್‌ನ ಮೆಮೊರಿಗೂ ಇನ್ನೊಂದರದಕ್ಕೂ ನಡುವೆ ಗೋಡೆಯಿಲ್ಲ. ಆಶ್‌ಗೆ ಫೋರ್ಕ್ (ಪ್ರೊಸೆಸ್‌ನ ಪ್ರತಿಯೊಂದನ್ನು ಹುಟ್ಟಿಸುವ ಕರೆ) ಬೇಕು, ಅದು ಅಲ್ಲಿಲ್ಲ. ಹಾಗಾಗಿ ಅಂಥ ಸಾಧನಗಳ ಪಾಲಿಗೆ ಬರುವುದು ಹಶ್. ಮೂರು ಆಂಪರ್‌ಸ್ಯಾಂಡ್‌ಗಳ ಆ ದೋಷ, ಅಂದರೆ ದಾಳಿಕೋರನ ಹಿಡಿತದಲ್ಲಿರುವ ಪಾಯಿಂಟರನ್ನು ಫ್ರೀ ಮಾಡುವ (ಆ ಮೆಮೊರಿಯನ್ನು ಬಿಟ್ಟುಕೊಡುವ) ದೋಷ, ಇಂಥ ಕಡೆ ಶೆಲ್‌ನೊಳಗೇ ಉಳಿಯುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಪರೀಕ್ಷೆಗೆಂದು ಮೇಜಿನ ಮೇಲಿದ್ದ ಸಾಧನ ಅಲುಗಾಡದೆ ನಿಂತುಬಿಟ್ಟಿತು. ವಾಚ್‌ಡಾಗ್ (ಆಗಾಗ ತಟ್ಟದಿದ್ದರೆ ಸಾಧನವನ್ನು ರೀಬೂಟ್ ಮಾಡುವ ಕಾವಲು ಏರ್ಪಾಡು) ಇತ್ತು, ಆದರೆ ಅದನ್ನು ತಟ್ಟುತ್ತಿದ್ದದ್ದು ಕರ್ನೆಲ್‌ನ ಟೈಮರ್. ಟೈಮರ್ ಜೀವಂತವಾಗಿದ್ದುದರಿಂದ ವಾಚ್‌ಡಾಗ್‌ಗೆ ಎಲ್ಲವೂ ಕ್ಷೇಮ. ಮೀಟರ್ ಓದುವ ಪ್ರೋಗ್ರಾಂ ಸತ್ತು ಎಷ್ಟು ಹೊತ್ತಾದರೂ ರೀಬೂಟ್ ಆಗುತ್ತಿರಲಿಲ್ಲ. ನನ್ನನ್ನು ಕೇಳಿದರೆ ಆ ದೋಷಕ್ಕಿಂತ ಈ ಏರ್ಪಾಡೇ ಹೆಚ್ಚು ಅಪಾಯಕಾರಿ.

ವಾಚ್‌ಡಾಗ್ ತಟ್ಟುವ ಕೆಲಸವನ್ನು ಮೀಟರ್ ಓದುವ ಪ್ರೋಗ್ರಾಂಗೇ ಕೊಟ್ಟೆವು. ಪಿಂಗ್ ಪುಟದಿಂದ ಶೆಲ್ಲನ್ನೇ ತೆಗೆದು, ವಿಳಾಸವನ್ನು ಐಪಿ ಎಂದು ಪರೀಕ್ಷಿಸಿ, ನೇರವಾಗಿ ಎಕ್ಸೆಕ್ ಮೂಲಕ ಪಿಂಗ್ ಓಡಿಸುವಂತೆ ಬದಲಾಯಿಸಿದೆವು. ತೆಗೆಯಬೇಕಾದ ಅಕ್ಷರಗಳ ಪಟ್ಟಿಗೆ ಇನ್ನೊಂದನ್ನು ಸೇರಿಸೋಣ ಎಂದವರೂ ಇದ್ದರು. ಆ ಪಟ್ಟಿಗೆ ಕೊನೆಯಿಲ್ಲ.

ಬ್ಯುಸಿಬಾಕ್ಸನ್ನು ದುರಸ್ತಿಯಾದ 1.34ಕ್ಕೆ ಏರಿಸಲು ಚಿಪ್ ಪೂರೈಕೆದಾರರು ಒಪ್ಪುವಷ್ಟರಲ್ಲಿ ಋತು ಬದಲಾಗಿತ್ತು. ಅಷ್ಟಾಗಿ ನಿಟ್ಟುಸಿರು ಬಿಡುವ ಹೊತ್ತಿಗೆ 2023ರಲ್ಲಿ ಆಶ್‌ನ ಅಂಕಗಣಿತದ ಭಾಗದಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಎಂಬ ಮೆಮೊರಿ ದೋಷ ಪ್ರಕಟವಾಯಿತು. 1.35ಕ್ಕಿಂತ ಹಿಂದಿನವಕ್ಕೆ ಮಾತ್ರ ಎಂದು ದಾಖಲೆಯಲ್ಲಿದೆ, ಆದರೆ ಬ್ಯುಸಿಬಾಕ್ಸ್ ಬಳಸುವ ಆಲ್ಪೈನ್ ಲಿನಕ್ಸ್ ತನ್ನಲ್ಲಿದ್ದ 1.36.1ಕ್ಕೂ ಪ್ಯಾಚ್ (ದುರಸ್ತಿ ತುಣುಕು) ಹಾಕಿತು. ಆವೃತ್ತಿಯ ಸಂಖ್ಯೆ ನೋಡಿ ಹಸಿರು ಗುರುತು ಕೊಡುವ ಸ್ಕ್ಯಾನರ್ ವರದಿಯನ್ನು ಪಕ್ಕಕ್ಕಿಟ್ಟು, ನಮ್ಮ ಸೋರ್ಸ್‌ನಲ್ಲಿ ಆ ಪ್ಯಾಚ್ ಇದೆಯೇ ಎಂದು ನಾವೇ ತೆರೆದು ನೋಡಿದೆವು. ಇರಲಿಲ್ಲ.