ಹುಷಾರಾಗಿರೋರ ಶ್ವಾಸಕೋಶ ಯಾಕೆ ತೊಳೀತೀರಿ?

ಶ್ವಾಸಕೋಶವನ್ನು ಕಾಯುವ ಕಣಗಳು ಹೇಗೆ ಕೆಲಸ ಮಾಡುತ್ತವೆ ಅಂತ ನೋಡುವ ಲ್ಯಾಬಿನಲ್ಲಿ ನನ್ನ ಕೆಲಸ. ಹುಷಾರಾಗಿರುವವರ ಶ್ವಾಸಕೋಶ ತೊಳೆದ ನೀರಿನಿಂದ ಆ ಕಣಗಳನ್ನು ತೆಗೆಯುತ್ತೇವೆ. ಊರಿಗೆ ಫೋನ್ ಮಾಡಿದಾಗೆಲ್ಲ ಅತ್ತೆ ಕೇಳುವುದು ಇದನ್ನೇ. "ಅಲ್ವೋ, ಕಾಯಿಲೆಯವರನ್ನ ಬಿಟ್ಟು ಹುಷಾರಾಗಿರೋರ ಎದೆಯೊಳಗೆ ಯಾಕೋ ಪೈಪ್ ಹಾಕ್ತೀರಿ?" ಗೆಳೆಯರದ್ದು ಇನ್ನೊಂದು ಪ್ರಶ್ನೆ: ರಕ್ತ ಸಾಕಲ್ವಾ?

ಗೆಳೆಯರಿಗೆ ಮೊದಲು ಉತ್ತರ. ಸಾಲದು. ರಕ್ತದ ಬಿಳಿ ಕಣಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ನ್ಯೂಟ್ರೋಫಿಲ್‌ಗಳು. ಸಿಗರೇಟು ಸೇದದ, ಆರೋಗ್ಯವಾಗಿರುವವರ ಶ್ವಾಸಕೋಶ ತೊಳೆದ ನೀರಿನಲ್ಲಿ ಅವು ನೂರಕ್ಕೆ 3 ಸಿಕ್ಕರೆ ಹೆಚ್ಚು. ಅಲ್ಲಿ 85ಕ್ಕೂ ಮೇಲೆ ಮ್ಯಾಕ್ರೋಫೇಜ್‌ಗಳೇ, ಅಂದರೆ ಧೂಳು, ರೋಗಾಣು ನುಂಗುವ ಕಣಗಳು. ಗಾಳಿಗೂಡುಗಳಲ್ಲೇ ಅವುಗಳ ವಾಸ. ಎಷ್ಟು ಸಲ ಸೂಜಿ ಚುಚ್ಚಿದರೂ ತೋಳಿನ ರಕ್ತದಲ್ಲಿ ಸಿಗುವುದಿಲ್ಲ.

ತೊಳೆಯುವುದು ಅಂದರೆ ಹೀಗೆ. ಗಂಟಲು ಮರಗಟ್ಟಲು ಸ್ಪ್ರೇ ಹೊಡೆದು, ಪೆನ್ಸಿಲ್‌ಗಿಂತ ಸಣ್ಣ ಬ್ರಾಂಕೋಸ್ಕೋಪ್, ಅಂದರೆ ಒಳಗನ್ನು ನೋಡುವ ಬಾಗುವ ಪೈಪ್, ಇಳಿಸುತ್ತಾರೆ. ಹೆಚ್ಚಾಗಿ ಬಲ ಶ್ವಾಸಕೋಶದ ನಡುವಿನ ಭಾಗಕ್ಕೆ ಬೆಚ್ಚಗಿನ ಸಲೈನ್ ಬಿಟ್ಟು ವಾಪಸ್ ಎಳೆದುಕೊಳ್ಳುತ್ತಾರೆ. ಬಿಟ್ಟಷ್ಟೂ ಬರುವುದಿಲ್ಲ, ಉಳಿದದ್ದನ್ನು ದೇಹ ಹೀರಿಕೊಳ್ಳುತ್ತದೆ. ಕೆಮ್ಮು ಬರುತ್ತದೆ, ಕೆಲವರಿಗೆ ಸಂಜೆ ಸ್ವಲ್ಪ ಜ್ವರವೂ. ಇದನ್ನೆಲ್ಲ ಮೊದಲೇ ಹೇಳಿ, ಒಪ್ಪಿದವರಿಗೆ ಮಾತ್ರ. ನಮ್ಮ ಕೈಗೆ ಬರುವ ಟ್ಯೂಬಿನಲ್ಲಿ ಆಗತಾನೆ ಕರೆದ ಹಾಲಿನ ಹಾಗೆ ನೊರೆ ನಿಂತಿರುತ್ತದೆ. ಗಾಳಿಗೂಡು ಮುದುಡದಂತೆ ಕಾಯುವ ಸೋಪಿನಂಥ ಪದಾರ್ಥ ಒಳಗಿರುತ್ತದೆ, ಅದರ ನೊರೆ. ಸಿಗರೇಟು ಸೇದುವವರದಾದರೆ ಮೈಕ್ರೋಸ್ಕೋಪಿನಲ್ಲಿ ಮ್ಯಾಕ್ರೋಫೇಜ್‌ಗಳ ಹೊಟ್ಟೆ ತುಂಬ ಕಂದು ಚುಕ್ಕೆ.

ಹಾಗಂತ ರಕ್ತದ ಕೆಲಸವೇನು ಸಲೀಸಲ್ಲ. ಫೈಕಾಲ್ ದ್ರವದ ಮೇಲೆ ರಕ್ತವನ್ನು ಮೆಲ್ಲಗೆ ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ನಡುವೆ ತೆಳ್ಳಗೆ ಮಂಜಿನಂಥ ಉಂಗುರ ಕೂರುತ್ತದೆ. ನಮಗೆ ಬೇಕಾದ ಬಿಳಿ ಕಣಗಳು ಇರುವುದು ಅದರಲ್ಲೇ. ಒಮ್ಮೆ ಬ್ರೇಕ್ ಆಫ್ ಮಾಡಲು ಮರೆತೆ. ಯಂತ್ರ ಗಕ್ಕನೆ ನಿಂತು ಪದರವೆಲ್ಲ ಕಲಸಿಹೋಯಿತು. ಬೆಳಿಗ್ಗೆ ತೋಳು ಚಾಚಿ ಕೂತಿದ್ದವರ ಮುಖ ನೆನಪಾಗಿ ಮಧ್ಯಾಹ್ನ ಊಟ ಸೇರಲಿಲ್ಲ.

ಈಗ ಅತ್ತೆಯ ಪ್ರಶ್ನೆ. ಟಿಬಿಯನ್ನೇ ತಗೊಳ್ಳಿ. ಉಸಿರಿನ ಜೊತೆ ಬಂದ ಬ್ಯಾಕ್ಟೀರಿಯಾವನ್ನು ಮೊದಲು ನುಂಗುವುದು ಈ ಮ್ಯಾಕ್ರೋಫೇಜ್. ಸೋಂಕು ತಗುಲಿದ 100 ಜನರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು 5ರಿಂದ 10. ಉಳಿದವರ ಒಳಗೆ ಏನು ನಡೆಯುತ್ತದೆ? ಕಾಯಿಲೆ ಜೋರಾದ ಮೇಲೆ ನೋಡಿದರೆ ಅಲ್ಲಿ ರಕ್ತದಿಂದ ಬಂದ ಕಣಗಳೂ ತುಂಬಿಕೊಂಡಿರುತ್ತವೆ. ಮೊದಲು ಯಾವುದು ಏನು ಮಾಡಿತು ಅಂತ ತಿಳಿಯುವುದೇ ಇಲ್ಲ. ಅದಕ್ಕೇ ಹುಷಾರಾಗಿರುವವರ ಮ್ಯಾಕ್ರೋಫೇಜ್ ತಂದು, ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಜೊತೆ ಬಿಟ್ಟು, ಮೊದಲ ಕೆಲವು ಗಂಟೆ ನೋಡುವುದು.

ಅಂದಹಾಗೆ, ಇವುಗಳನ್ನು ಸೈನಿಕರು ಅನ್ನುವುದು ನನಗೆ ಹಿಡಿಸುವುದಿಲ್ಲ. ದಿನಕ್ಕೆ ಸುಮಾರು 10,000 ಲೀಟರ್ ಗಾಳಿ ಎಳೆದುಕೊಳ್ಳುತ್ತೇವೆ. ಪ್ರತಿ ಧೂಳಿಗೂ ಯುದ್ಧ ಹೂಡಿದರೆ ಉಸಿರಾಡುವುದು ಹೇಗೆ? ಬೆಳಗಿನ ಜಾವ ಸದ್ದಿಲ್ಲದೆ ಬೀದಿ ಗುಡಿಸಿ ಹೋಗುವ ಪೌರಕಾರ್ಮಿಕರ ಹಾಗೆ ಇವು.

"ನೀನೂ ಹಾಕಿಸ್ಕೊಂಡಿದೀಯಾ?" ಅಂತ ಹೋದ ವಾರ ಅತ್ತೆ ಕೇಳಿದರು. ಹೆಸರು ಕೊಟ್ಟಿದ್ದೆ. ಚಿಕ್ಕಂದಿನ ಉಬ್ಬಸ ಇನ್ನೂ ಬಿಟ್ಟಿಲ್ಲವಲ್ಲ, ಮೊದಲ ಫಾರಂನಲ್ಲೇ ಬೇಡ ಅಂದರು. ರಕ್ತ ಮಾತ್ರ ಕೊಟ್ಟು ಬಂದೆ.