ನೋವಿಗೆಷ್ಟು ಅಂಕ?

"ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ?" ನರ್ಸ್ ಕೇಳಿದ್ರು. ಅಮ್ಮ "ಇದೆ, ಸ್ವಲ್ಪ" ಅಂದ್ರು. ಚಾರ್ಟಲ್ಲಿ 3 ಬಿತ್ತು. ಮಗ್ಗುಲು ಬದಲಿಸೋಕೂ ಆಗ್ತಿರಲಿಲ್ಲ ಅವರಿಗೆ!

ಸುಮ್ಮನೆ ಮಲಗಿದ್ದಾಗಿನ ನೋವೇ ಬೇರೆ, ಕೆಮ್ಮಿದಾಗ, ಎದ್ದು ನಡೆದಾಗಿನದೇ ಬೇರೆ. ಎರಡನ್ನೂ ಕೇಳಬೇಕಲ್ವಾ? ರಾತ್ರಿ ನಿದ್ದೆ ಬಂತಾ ಅಂತಲೂ. ಮಾತು ಬಾರದ ಮಕ್ಕಳಿಗಾದ್ರೆ ಮುಖ, ಕಾಲಿನ ಒದ್ದಾಟ, ಅಳು ನೋಡಿ ಅಂಕ ಹಾಕೋ 'ಫ್ಲ್ಯಾಕ್' ಅನ್ನೋ ಕ್ರಮವೇ ಇದೆ. ಹಲ್ಲು ಕಚ್ಚಿ ಸಹಿಸೋ ದೊಡ್ಡವರ ಮುಖವನ್ನೂ ಒಮ್ಮೆ ನೋಡಬಹುದಿತ್ತು.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ 'ನೋವು' ಅಂದ್ರೇನು ಅನ್ನೋ ತನ್ನ ವ್ಯಾಖ್ಯಾನ ಪರಿಷ್ಕರಿಸಿದಾಗ ಸ್ಪಷ್ಟವಾಗಿಯೇ ಹೇಳಿದೆ: ನೋವಿದೆ ಅಂದವರ ಮಾತನ್ನು ಗೌರವಿಸಬೇಕು, ಹೇಳಲಾಗದವರಿಗೆ ನೋವಿಲ್ಲ ಅಂತ ಅರ್ಥವಲ್ಲ. ಔಷಧಿ ಕೊಟ್ಟ ಮೇಲೆ ಮತ್ತೆ ಬಂದು "ಈಗ ಹೇಗಿದೆ?" ಅಂತ ಕೇಳೋದೂ ಚಿಕಿತ್ಸೆಯ ಭಾಗವೇ. ಅದನ್ನೇ ಎಲ್ಲರೂ ಮರೆಯೋದು.